ವಾಚಿನ ಅಡಿಯ ಬಣ್ಣ

ಚಾ ಉಗುಳಿ ಶೀಲಾವತಿ ಅತ್ತೆ ಲೋಟ ಕುಕ್ಕಿದರು. "ಕಬ್ಬಿಣ ನೆಕ್ಕಿದ ಹಾಗೆ ಉಂಟು!"

ಕಡಬ ಪೇಟೆಯ ಅವರ ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅತ್ತೆಯ ಬಾಯಿ ತುಂಬ ಹುಣ್ಣು. ಮುಖ, ಕೈ ಕೆಲವು ತಿಂಗಳಿಂದ ಬೂದುನೀಲಿಗೆ ತಿರುಗುತ್ತಿದ್ದವು. ಚಾ ಮಾಡಿದವಳು ಸಹಾಯಕಿ ಸುಪ್ರಿತಾ. ಅತ್ತೆಯ ನಂತರ ಅಂಗಡಿ ಅವಳಿಗೇ ಎಂಬ ಮಾತಿತ್ತು.

ಕೇಸ್ ಕ್ಲೋಸ್! ನಾನು ಕತ್ತರಿ ಎತ್ತಿ ಸಿನಿಮಾ ಕ್ಲೈಮ್ಯಾಕ್ಸ್ ದನಿಯಲ್ಲಿ ಗುಡುಗಿದೆ. "ಸುಪ್ರಿತಕ್ಕಾ! ವಿಷ ಹಾಕಿದ ಕೈ ಯಾರಿಗೂ ಕಾಣುದಿಲ್ಲ ಅಂತ ಎಣಿಸಿದ್ರಾ? ಈ ಭವಿತ್‌ಗೆ ಕಾಣ್ತದೆ!"

ಯಾರೋ ನಕ್ಕರು. ಯಾರೋ ವಿಡಿಯೋ ಮಾಡಿದರು. ಅತ್ತೆ ತಲೆ ತಗ್ಗಿಸಿ ಮೆಷಿನ್ ತುಳಿಯತೊಡಗಿದರು.

ಸುಪ್ರಿತಾ ಕುತ್ತಿಗೆಯ ಟೇಪು ತೆಗೆದು ಮೇಜಿನ ಮೇಲಿಟ್ಟಳು. "ಇನ್ನು ನಾನು ಬರುದಿಲ್ಲ ಅಕ್ಕ."

*

ಮರುದಿನದಿಂದ ಚಾ ನಾನೇ ಮಾಡಿದೆ. ಆಗಲೂ ಅದೇ ಕಬ್ಬಿಣದ ರುಚಿ.

"ಹಾಗಾದ್ರೆ ವಿಷ ಹಾಕುದು ನಾನಾ ಅತ್ತೆ?"

"ಸುಮ್ಮನಿರು ಮಾರಾಯ."

ಹಾಲು ಕೊಡುವ ಜಾಸಿರ್ ಮೇಲೆ ಸಂಶಯ ಬಂತು. ಕೇಳಿದ್ದಕ್ಕೆ ಅವನು ಬೈದ. "ಅದೇ ಹಾಲು ಇಡೀ ಪೇಟೆಗೆ ಕೊಡುದು. ಎಲ್ಲರೂ ನೀಲಿ ಆಗಿದ್ದಾರಾ?"

ಸಂಜೆ ಕೈ ತೊಳೆಯಲು ಅತ್ತೆ ವಾಚು ಬಿಚ್ಚಿದರು. ಪಟ್ಟಿಯ ಅಡಿಯ ಚರ್ಮ ಮೊದಲಿನ ಬಣ್ಣದಲ್ಲೇ ಇತ್ತು. ಚಾದ ವಿಷಕ್ಕೆ ವಾಚು ಕಂಡರೆ ಹೆದರಿಕೆಯಾ? ಬಿಸಿಲು ಬಿದ್ದಲ್ಲಿ ಮಾತ್ರ ನೀಲಿ.

ಇನ್ನೊಂದು ಸಂಗತಿಯೂ ತಾಳೆಯಾಗಲಿಲ್ಲ. ನೂಲು ತರಲೆಂದು ಅತ್ತೆ ಆಗಾಗ ಪುತ್ತೂರಿಗೆ ಹೋಗುತ್ತಿದ್ದರು. ಆದರೆ ನೂಲು ಸುಳ್ಯದಿಂದ ಅಂಗಡಿಗೇ ಬರುತ್ತಿತ್ತು.

*

ಮುಂದಿನ ಸಲ ಹಿಂಬಾಲಿಸಿದೆ. ಪುತ್ತೂರಿನ ಒಂದು ಕ್ಲಿನಿಕ್ಕಿನಿಂದ ಅತ್ತೆ ಸೊಂಟ ಉಜ್ಜಿಕೊಳ್ಳುತ್ತ ಹೊರಬಂದರು.

"ಎಂತ ಇಂಜೆಕ್ಷನ್ ಅತ್ತೆ?"

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಚಿನ್ನದ್ದು, ನಿಜವಾದ ಚಿನ್ನ ಸೇರಿಸಿದ ಹಳೇ ಮದ್ದು. ಬೆರಳಿನ ಗಂಟೆಲ್ಲ ಬಾತು ಸೊಟ್ಟ ಆಗುವ ಸಂಧಿವಾತಕ್ಕೆ. ಅಪರೂಪಕ್ಕೆ ಕೆಲವರಿಗೆ ಬಿಸಿಲಿಗೆ ಚರ್ಮ ಹೀಗಾಗ್ತದಂತೆ. ಬಾಯಿ ಹುಣ್ಣು, ರುಚಿ ಕೆಡುದು, ಅದೂ ಉಂಟು."

"ಡಾಕ್ಟ್ರಿಗೆ ಹೇಳಿದ್ರಾ?"

"ಬಣ್ಣ ನೋಡಿಯೇ ನಿಲ್ಲಿಸುವ ಅಂದ್ರು. ನಿಲ್ಲಿಸುದು ಬೇಡ ಅಂತ ನಾನು ಕೈ ಮುಗಿದೆ. ಹುಣ್ಣು ಮುಚ್ಚಿಟ್ಟೆ. ಊರಿಗೆ ಗೊತ್ತಾದ್ರೆ, ಬೆರಳು ಹೋದ ಟೈಲರಿಗೆ ಮದುವೆ ರವಿಕೆ ಯಾರು ಕೊಡ್ತಾರೆ?"

"ಅದಕ್ಕೆ ಸುಪ್ರಿತಕ್ಕನ ಮರ್ಯಾದೆ ಹೋದ್ರೂ ಸುಮ್ಮನಿದ್ರಿ."

"ಬೊಬ್ಬೆ ಹೊಡೆದದ್ದು ನೀನಲ್ವಾ?"

ಅತ್ತೆಯನ್ನು ಮತ್ತೆ ಒಳಗೆ ಕರೆದೊಯ್ದೆ. ಡಾಕ್ಟರು ಹುಣ್ಣು ನೋಡಿ ಬೈದು, ಇಂಜೆಕ್ಷನ್ ನಿಲ್ಲಿಸಿ ಬೇರೆ ಮದ್ದು ಬರೆದರು.

*

ಅತ್ತೆಯೂ ನಾನೂ ಕರೆಯಲು ಹೋದಾಗ ಸುಪ್ರಿತಾ ಕೇಳಿದ್ದು ಒಂದೇ. "ಅಂಗಡಿಯಲ್ಲಿ, ಎಲ್ಲರೆದುರು ಹೇಳಿ."

ಗಿರಾಕಿಗಳ ಮುಂದೆ ಅತ್ತೆ ಬಾತ ಬೆರಳುಗಳನ್ನು ಚಾಚಿ ಎಲ್ಲ ಹೇಳಿದರು. ಒಬ್ಬಾಕೆ ತನ್ನ ಮದುವೆ ರವಿಕೆಯ ಬಟ್ಟೆ ಹೆಕ್ಕಿಕೊಂಡು ಹೊರಟಳು. ಅತ್ತೆ ತಡೆಯಲಿಲ್ಲ.

ಸುಪ್ರಿತಾ ನನ್ನತ್ತ ನೋಡಿದಳು. ಹೀರೋನ ದನಿ ಬರಲಿಲ್ಲ. ವಿಲನ್‌ನದೂ ಬರಲಿಲ್ಲ.

"ಸುಪ್ರಿತಕ್ಕ ಎಂತದೂ ಮಾಡಲಿಲ್ಲ. ಸುಳ್ಳು ಹೇಳಿದ್ದು ನಾನು," ಎಂದೆ, ನೆಲ ನೋಡುತ್ತ.

"ಕೇಳುದಿಲ್ಲ ಮಾರಾಯ," ಎಂದಳು ಅವಳು. "ಜೋರು ಹೇಳು."