ಗಡಿಯಲ್ಲಿ ನಿಂತುಹೋದ ಪೆಟ್ಟಿಗೆ

“ಕೆಳಗಿಡು ಆ ದಾರಾನ!”

ಓರ್ನೆಲಾ ಕೂಗಿದ ರಭಸಕ್ಕೆ ಸಿಲ್ಕೆಯ ಕೈ ಹಾಗೆಯೇ ನಿಂತಿತು. ಮೇಜಿನ ನಡುವೆ ಮರದ ಹಲಗೆಯ ಮೇಲೆ ಸುರಿದಿದ್ದ ಪೊಲೆಂಟಾ ಹಬೆಯಾಡುತ್ತಿತ್ತು. ಜೋಳದ ಆ ಮುದ್ದೆಯನ್ನು ದಾರದಿಂದ ಕೊಯ್ದು ಬಡಿಸುವುದು ಆ ಮನೆಯಲ್ಲಿ ಅತ್ತೆ ಎರ್ಸಿಲಿಯಾಳ ಹಕ್ಕು. ಚಾಕು ತಾಗಿಸಿದರೆ ಮನೆ ಒಡೆಯುತ್ತದೆ ಎಂಬುದು ಅವಳ ನಂಬಿಕೆ. ಹಿಂದಿನ ಚಳಿಗಾಲದಲ್ಲಿ ಕೈನಡುಕ ಶುರುವಾದಾಗ ಮುದುಕಿ ಹಿರಿಸೊಸೆಯನ್ನು ಬಿಟ್ಟು ಕಿರಿಸೊಸೆ ಸಿಲ್ಕೆಯ ಬೆರಳಿಗೆ ಆ ದಾರ ಸುತ್ತಿದ್ದಳು. ಹಿರಿಸೊಸೆ ಓರ್ನೆಲಾ ಅದನ್ನು ಮರೆಯುವ ಹೆಂಗಸಲ್ಲ. ಈಗ ಅತ್ತೆ ಇಲ್ಲ. ಬೆರ್ಗಾಮೊದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಹೋದವಳು ಬೂದಿಯಾಗಿಯೂ ಇನ್ನೂ ಮನೆ ಸೇರಿಲ್ಲ... ಚಿತಾಗಾರದ ಮುಂದೆ ಹೆಣಗಳಿಗೂ ಸರದಿ!

“ನಿಮ್ಮ ಜರ್ಮನಿಯವರು ನಮ್ಮ ಕತ್ತು ಕೊಯ್ದಿದ್ದು ಸಾಲ್ದಾ? ಇದನ್ನೂ ನೀನೇ ಕೊಯ್ಯಬೇಕಾ?” ಓರ್ನೆಲಾ ದಾರ ಕಿತ್ತುಕೊಂಡಳು. “ನಾಳೆ ಬರುತ್ತೆ ಅತ್ತೆ, ನಾಡಿದ್ದು ಬರುತ್ತೆ ಅತ್ತೆ ಅಂತ ಬಣ್ಣಬಣ್ಣದ ಮಾತಾಡ್ದೆ. ಬಂತಾ ನಿನ್ನ ಮಾಸ್ಕು? ಮುದುಕಿ ಹೋದ್ಳು!”

ಸಿಲ್ಕೆ ಗಂಡನ ಮುಖ ನೋಡಿದಳು. ತುಲ್ಲಿಯೊ ಖಾಲಿ ತಟ್ಟೆಯನ್ನೇ ನೋಡುತ್ತಿದ್ದ. ಹೆಂಡತಿಗೆ ಯಾರಾದರೂ ಒಂದು ಮಾತಂದರೆ ಎದ್ದು ನಿಲ್ಲುತ್ತಿದ್ದ ಗಂಡಸು ಇತ್ತೀಚೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ತಾಯಿ ಸತ್ತ ದುಃಖ ಎಂದು ಸಿಲ್ಕೆ ಸಮಾಧಾನ ಮಾಡಿಕೊಂಡಿದ್ದಳು. ಪಾಪದ ಹೆಣ್ಣು, ಗಂಡನ ಮೌನಕ್ಕೆಲ್ಲ ಒಳ್ಳೆಯ ಅರ್ಥವನ್ನೇ ಹುಡುಕುತ್ತಿದ್ದಳು.

ಮಾಸ್ಕಿನ ಮಾತು ನಿಜವೇ ಆಗಿತ್ತು. ಕಣಿವೆಯಲ್ಲಿ ಜ್ವರ ಹಬ್ಬತೊಡಗಿದಾಗ, ಔಷಧಿ ಅಂಗಡಿಯಲ್ಲಿ ಒಂದು ಮಾಸ್ಕೂ ಸಿಗದೆ ಹೋದಾಗ, ಸಿಲ್ಕೆ ಜರ್ಮನಿಯ ಉಲ್ಮ್ ಊರಿನಲ್ಲಿದ್ದ ತಂಗಿ ಗುಡ್ರುನಳಿಗೆ ಫೋನು ಮಾಡಿ ಅತ್ತಿದ್ದಳು. ಗುಡ್ರುನ್ ಮಕ್ಕಳ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. “ಇರೋದೆಲ್ಲ ಕಟ್ಟಿ ಕಳಿಸ್ತೀನಿ ಅಕ್ಕ. ಮಕ್ಕಳು ಹೆದರಬಾರ್ದು ಅಂತ ನಮ್ಮ ಡಾಕ್ಟ್ರು ಮಾಸ್ಕ್ ಮೇಲೆ ಆನೆ ಚಿತ್ರ ಅಚ್ಚು ಹಾಕ್ಸಿದಾರೆ. ನಿಮ್ಮತ್ತೆ ಹಾಕ್ಕೊಂಡು ನಗ್ಲಿ ಬಿಡು” ಎಂದಿದ್ದಳು. ಅದೇ ವಾರ ಜರ್ಮನಿ ಮಾಸ್ಕುಗಳನ್ನು ಹೊರದೇಶಕ್ಕೆ ಬಿಡುವುದಿಲ್ಲವೆಂಬ ಸುದ್ದಿ ಬಂತು. ಪೆಟ್ಟಿಗೆ ಬರಲಿಲ್ಲ. ಗಡಿಯಲ್ಲೇ ನಿಂತಿತೆಂದು ಭಾವ, ಓರ್ನೆಲಾಳ ಗಂಡ ಬತ್ತಿಸ್ತಾ ಹೇಳಿದ, ಹೌದೆಂದು ತುಲ್ಲಿಯೊ ತಲೆಯಾಡಿಸಿದ. ತನ್ನ ತವರೇ ತನ್ನ ಅತ್ತೆಯನ್ನು ಕೈಬಿಟ್ಟಿತಲ್ಲ ಎಂದು ಸಿಲ್ಕೆ ನಾಚಿಕೆಯಿಂದ ಕುಗ್ಗಿಹೋಗಿದ್ದಳು.

ಬತ್ತಿಸ್ತಾ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅಣ್ಣ ತಮ್ಮಂದಿರ ಎರಕದ ಕಾರ್ಖಾನೆಯ ಯಜಮಾನ, ಊರಿನ ಸಭೆಯ ಸದಸ್ಯ. ಮನೆಯಲ್ಲೂ ಭಾಷಣದ ದನಿ ಬಿಟ್ಟು ಮಾತನಾಡಿ ಗೊತ್ತಿಲ್ಲ.

“ಸುಮ್ನಿರೇ ಓರ್ನೆಲಾ. ಸಿಲ್ಕೆ, ನೋಡಮ್ಮ, ನಾಳೆ ಸಂಜೆ ಕಂಪ್ಯೂಟರಿನಲ್ಲೇ ಸಭೆ. ಊರೆಲ್ಲ ಮನೇಲಿ ಕೂತು ನೋಡುತ್ತೆ. ನಮ್ಮ ದೇಶ ಐರೋಪ್ಯ ಒಕ್ಕೂಟ ಬಿಡಬೇಕು ಅಂತ ನಾನು ನಿರ್ಣಯ ಮಂಡಿಸ್ತೀನಿ.”

“ಅಣ್ಣಾ...” ತುಲ್ಲಿಯೊ ಮೊದಲ ಸಲ ಬಾಯಿಬಿಟ್ಟ. “ನಮ್ಮ ಕಾರ್ಖಾನೆ ವಾಲ್ವ್ ಮುಕ್ಕಾಲು ಪಾಲು ಜರ್ಮನಿಗೇ ಹೋಗುತ್ತೆ. ಒಕ್ಕೂಟ ಬಿಟ್ರೆ ಸುಂಕ ಕಟ್ಟಿ ಯಾರು ತಗೋತಾರೆ?”

“ಮನೆಗೆ ಬೆಂಕಿ ಬಿದ್ದಾಗ ಬಾವಿಗೆ ಮುಚ್ಚಳ ಹಾಕಿದ ನೆರೆಯವನ ಜೊತೆ ಇನ್ನೆಂಥ ವ್ಯಾಪಾರನೋ! ಸಿಲ್ಕೆ, ನೀನು ನನ್ನ ಪಕ್ಕ ಕೂತು ಒಂದೇ ಮಾತು ಹೇಳು. ನಮ್ಮ ಜರ್ಮನಿಯವರೇ ಪೆಟ್ಟಿಗೆ ತಡೆದ್ರು ಅಂತ. ಜರ್ಮನಿಯವಳ ಬಾಯಿಂದಲೇ ಬಂದ್ರೆ ಯಾರು ಎದುರಾಡ್ತಾರೆ? ಆಮೇಲೆ ಈ ಮನೇಲಿ ನಿನ್ನನ್ನ ಪರದೇಶಿ ಅನ್ನೋ ನಾಲಿಗೆ ನಾನೇ ಕಿತ್ತುಹಾಕ್ತೀನಿ.”

ಸಿಲ್ಕೆಯ ಕಣ್ಣು ತುಂಬಿ ಬಂತು. ಹದಿನೈದು ವರ್ಷ ಬಾಳ್ವೆ ಮಾಡಿಯೂ ಸಿಗದ ಮಾತು ಅದು! ಹೇಳಿದರೆ ತಪ್ಪೇನು? ಸತ್ಯ ತಾನೇ? “ಆಗಲಿ ಭಾವ” ಎಂದಳು.

ಮರುದಿನ ಬೆಳಿಗ್ಗೆ ಬೇಕರಿಯ ಮುಂದೆ ದೂರದೂರ ನಿಂತ ಸಾಲಿನಲ್ಲಿ ಅವಳ ಮುಂದಿದ್ದವನು ಕಾರ್ಖಾನೆಯ ತಾರ್ಚಿಸಿಯೊ. ಕುಲುಮೆಯ ಕೆಲಸದವನು, ಬಾಗಿಲು ತುಂಬುವಂಥ ಆಳು. ಅವನು ತಿರುಗಿ ನಮಸ್ಕರಿಸಿದಾಗ ಸಿಲ್ಕೆ ಒಂದು ಹೆಜ್ಜೆ ಹತ್ತಿರ ಬಂದಳು. ಅವನ ದೊಡ್ಡ ಮೂಗಿನ ಮೇಲೆ, ಒಗೆದೊಗೆದು ಬಣ್ಣ ಮಾಸಿದ ಮಾಸ್ಕಿನಲ್ಲಿ, ಸೊಂಡಿಲೆತ್ತಿದ ಪುಟ್ಟ ಪುಟ್ಟ ಆನೆಗಳು!

“ಇದು... ಎಲ್ಲಿ ಸಿಕ್ತಪ್ಪ?”

“ನಗಬೇಡಿ ತಾಯಿ!” ಅವನೇ ನಕ್ಕ. “ದೊಡ್ಡ ಯಜಮಾನ್ರು ಕೊಟ್ರು. ಎಲ್ಲಿಂದ ತಂದ್ರೋ ದೇವ್ರಿಗೇ ಗೊತ್ತು. ಆಳುಗಳಿಗೆ ಮಾಸ್ಕಿಲ್ಲ ಅಂದ್ರೆ ಕಾರ್ಖಾನೆ ಮುಚ್ಚಿಸ್ತೀವಿ ಅಂತ ತಪಾಸಣೆಯವರು ಬಂದಿದ್ರಲ್ಲ, ಅವತ್ತೇ ಹಂಚಿದ್ದು. ನಿಮ್ಮ ಯಜಮಾನ್ರೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಕೊಟ್ರು. ತಣ್ಣಗಿರ್ಲಿ ಅಣ್ಣತಮ್ಮ ಇಬ್ರೂ!”

ರೊಟ್ಟಿ ಕೊಳ್ಳುವುದನ್ನೂ ಮರೆತು ಅವಳು ಮನೆಗೆ ಬಂದಳು. ತುಲ್ಲಿಯೊ ಮೇಲಿನ ಅಂತಸ್ತಿನಲ್ಲಿ ಗಡ್ಡ ಹೆರೆಯುತ್ತಿದ್ದ.

“ಪೆಟ್ಟಿಗೆ ಯಾವತ್ತು ಬಂತು?”

ಅವನು ಕನ್ನಡಿಯಲ್ಲೇ ಅವಳನ್ನು ನೋಡಿದ. ಯಾವ ಪೆಟ್ಟಿಗೆ ಎಂದು ಕೇಳಲಿಲ್ಲ. ಅಷ್ಟರಲ್ಲೇ ಅವಳಿಗೆ ಎಲ್ಲವೂ ತಿಳಿಯಿತು.

“ಕಾರ್ಖಾನೆ ಗೇಟಿಗೆ ಬಂತು. ನಮ್ಮ ಮನೆ ಪಾರ್ಸೆಲ್ ಎಲ್ಲ ಅಲ್ಲಿಗೇ ಬರೋದಲ್ವಾ...” ಅವನು ಬ್ಲೇಡನ್ನು ಕೆಳಗಿಟ್ಟ. “ಅವತ್ತೇ ತಪಾಸಣೆ. ಒಂದು ವಾರ ಬೀಗ ಹಾಕಿದ್ರೆ ಆರ್ಡರ್ ಪೋಲೆಂಡಿನ ಕಾರ್ಖಾನೆಗೆ ಹೋಗುತ್ತೆ ಅಂದ ಅಣ್ಣ. ಅಮ್ಮ ಮನೆಯೊಳಗೇ ಇರೋಳು, ಅವಳಿಗ್ಯಾಕೆ ಮಾಸ್ಕು ಅಂದ. ನನಗೂ ಹೌದು ಅನ್ನಿಸ್ತು ಸಿಲ್ಕೆ! ಭಾನುವಾರ ನಾವೆಲ್ಲ ಅಮ್ಮನ ಜೊತೆ ಊಟಕ್ಕೆ ಕೂತ್ವಿ, ಯಾವಾಗಿನ ಹಾಗೇ ಕೆನ್ನೆಗೆ ಮುತ್ತು ಕೊಟ್ವಿ. ಮನೇಲಿ ಯಾರಾದ್ರೂ ಮೂತಿ ಮುಚ್ಚಿಕೊಳ್ತಾರಾ? ನಾನೇ... ನಾನೇ ಆ ಜ್ವರ ತಂದು ಕೊಟ್ಟೆನೇನೋ ಅಮ್ಮನಿಗೆ...”

ಅವನು ಬಚ್ಚಲ ನೆಲದ ಮೇಲೆ ಕುಸಿದು ಮಗುವಿನಂತೆ ಅತ್ತ. ಅಲ್ಲಿಯವರೆಗಿನದನ್ನು ಅವಳು ಕ್ಷಮಿಸಬಲ್ಲವಳಾಗಿದ್ದಳು. ಭಯದಲ್ಲಿ ಮನುಷ್ಯ ತಪ್ಪು ಮಾಡುತ್ತಾನೆ, ಊರೇ ಆ ತಪ್ಪು ಮಾಡಿತ್ತು. ಆದರೆ ತಾಯಿ ಸತ್ತ ಮೇಲೂ, ದಿನಬೆಳಗಾದರೆ ಓರ್ನೆಲಾ ತನ್ನನ್ನು ಹುರಿದು ಮುಕ್ಕುತ್ತಿದ್ದಾಗಲೂ, ಇವನು ಪಕ್ಕದಲ್ಲೇ ಕೂತು ಕೇಳಿಸಿಕೊಂಡನಲ್ಲ! ಒಂದೇ ಹಾಸಿಗೆಯಲ್ಲಿ ಮಲಗಿ, ತನ್ನ ತವರನ್ನು ತಾನೇ ಶಪಿಸುತ್ತ ಅತ್ತಾಗ ತನ್ನ ಕಣ್ಣೊರೆಸಿದನಲ್ಲ!

“ಸಂಜೆ ಏನೂ ಹೇಳ್ಬೇಡ” ಎಂದು ಅವನು ಕಾಲು ಹಿಡಿದ. “ಅಣ್ಣ ಮುಳುಗಿಹೋಗ್ತಾನೆ.”

“ನಾನು ಹೇಳಲ್ಲ. ನಾನು ಹೇಳಿದ್ರೆ ಅದು ಜರ್ಮನಿಯವಳ ಮಾತು, ಯಾರೂ ನಂಬಲ್ಲ. ನೀನು ಹೇಳ್ಬೇಕು. ಆ ಪೆಟ್ಟಿಗೆ ಬಿಚ್ಚಿದ ಕೈ ನಿಂದು. ನೀನು ಹೇಳಿದ್ರೆ ನಾನು ಎಲ್ಲಾನೂ ಮರೀತೀನಿ, ತುಲ್ಲಿಯೊ. ಅತ್ತೆ ಮೇಲಾಣೆ.”

ಸಂಜೆ ಅತ್ತೆಯ ಅಡುಗೆಮನೆಯಲ್ಲಿ ಕಂಪ್ಯೂಟರು ಇಟ್ಟು ನಾಲ್ವರೂ ಕೂತರು. ಬತ್ತಿಸ್ತಾ ತಾಯಿಯ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಿಂದೆ ನಿಲ್ಲಿಸಿದ್ದ. ಅವನ ಭಾಷಣಕ್ಕೆ ತೆರೆಯ ಮೇಲಿನ ಚೌಕಗಳಲ್ಲಿ ಜನ ಕಣ್ಣೊರೆಸಿಕೊಂಡರು. ಕಳ್ಳನಿಗೆ ಇಷ್ಟು ಕಣ್ಣೀರು ಎಲ್ಲಿಂದ ಬಂತು ಎಂದು ಸಿಲ್ಕೆ ಬೆರಗಾದಳು. ಎದುರಾಡಿದವನು ಒಬ್ಬನೇ, ಹಳೆಯ ಸದಸ್ಯ ಫೆರ್ಮೊ.

“ಬತ್ತಿಸ್ತಾ, ನಾನು ಬೆಲ್ಜಿಯಂ ಗಣಿಗೆ ಹೋದಾಗ ಗಡಿಯಲ್ಲಿ ನಮ್ಮ ಅಂಗಿ ಬಿಚ್ಚಿಸಿ, ದನದ ಹಲ್ಲು ನೋಡಿದ ಹಾಗೆ ನೋಡಿದ್ರು. ಆ ಗಡಿ ಹೋಗಲಿ ಅಂತ ಈ ಒಕ್ಕೂಟ ಕಟ್ಟಿದ್ದು. ಕಷ್ಟದಲ್ಲಿ ಅವರು ಬಾಗಿಲು ಹಾಕಿದ್ರು, ತಪ್ಪು. ಬೈಯೋಣ. ಅದಕ್ಕೆ ನಾವೂ ಗೋಡೆ ಕಟ್ಟೋದಾ? ನಾಳೆ ನಿನ್ನ ವಾಲ್ವ್ ಯಾರಿಗೆ ಮಾರ್ತೀಯೋ?”

“ಫೆರ್ಮೊ ಮಾವಾ, ನಿಮ್ಮ ತಾಯಿ ಹೀಗೆ ಸತ್ತಿದ್ರೆ ಈ ಥರ ಮಾತಾಡ್ತಿರ್ಲಿಲ್ಲ! ಕೇಳಿ, ನಮ್ಮ ಮನೆ ಸೊಸೇನೇ ಹೇಳ್ತಾಳೆ.”

ಸಿಲ್ಕೆ ಮುಂದೆ ಬಂದು ಕೂತಳು. ಊರೇ ಅವಳ ಮುಖ ನೋಡುತ್ತಿತ್ತು.

“ನನ್ನ ತಂಗಿ ಪೆಟ್ಟಿಗೆ ಕಳಿಸಿದ್ದು ನಿಜ” ಎಂದಳು. “ಅದು ಏನಾಯ್ತು ಅಂತ ನನಗಿಂತ ನನ್ನ ಗಂಡನಿಗೆ ಚೆನ್ನಾಗಿ ಗೊತ್ತು. ಅವರೇ ಹೇಳಲಿ.”

ಬತ್ತಿಸ್ತಾನ ಮುಖ ಸುಣ್ಣವಾಯಿತು. ಸಿಲ್ಕೆ ಎದ್ದು ಗಂಡನಿಗೆ ಕುರ್ಚಿ ಬಿಟ್ಟಳು, ಅವನ ಭುಜದ ಮೇಲೆ ಕೈಯಿಟ್ಟಳು. ಹೇಳು ತುಲ್ಲಿಯೊ... ಒಂದೇ ಮಾತು... ನಿನ್ನ ಅಮ್ಮನಿಗೋಸ್ಕರ...

ತುಲ್ಲಿಯೊ ಅಣ್ಣನನ್ನು ನೋಡಿದ. ಬತ್ತಿಸ್ತಾ ತಮ್ಮನ ಮೊಣಕಾಲನ್ನು ಮೇಜಿನಡಿಯಲ್ಲಿ ಮೆಲ್ಲನೆ ಒತ್ತಿದ.

“ಬರಲಿಲ್ಲ” ಎಂದ ತುಲ್ಲಿಯೊ. “ಗಡಿಯಲ್ಲೇ ನಿಂತುಹೋಯ್ತು.”

ಸಿಲ್ಕೆ ಅವನ ಭುಜದಿಂದ ಕೈ ತೆಗೆದಳು. “ನೀನೇನಾದ್ರೂ ಹೇಳ್ತೀಯಾ ಮಗಳೇ?” ಎಂದು ಫೆರ್ಮೊ ತೆರೆಯಾಚೆಯಿಂದ ಕೇಳಿದ. ಅವನೊಬ್ಬನಿಗೆ ಏನೋ ಅನುಮಾನ ಬಂದಿರಬೇಕು.

“ನನ್ನ ಗಂಡ ಹೇಳಿಯಾಯ್ತಲ್ಲ” ಎಂದಳು.

ನಿರ್ಣಯ ಗೆದ್ದಿತು. ಮರುದಿನ ಊರಕಚೇರಿಯ ಮೇಲಿಂದ ಒಕ್ಕೂಟದ ನಕ್ಷತ್ರಗಳ ನೀಲಿ ಬಾವುಟ ಇಳಿಸಿದರು. ನೋಡಲು ಹೊರಗೆ ಬರುವಂತಿಲ್ಲದ ಜನ ಕಿಟಕಿಗಳಿಂದಲೇ ಚಪ್ಪಾಳೆ ತಟ್ಟಿದರು. ಓರ್ನೆಲಾ ಆಶ್ಚರ್ಯವೆಂಬಂತೆ ಸಿಲ್ಕೆಯ ತಟ್ಟೆಗೆ ಎರಡು ತುಂಡು ಹೆಚ್ಚಿಗೇ ಬಡಿಸಿದಳು. ಪಾಪ, ಅವಳಿಗೂ ನಿಜ ಗೊತ್ತಿರಲಿಲ್ಲ.

ಊಟವಾದ ಮೇಲೆ ಸಿಲ್ಕೆ ತನ್ನ ಬಟ್ಟೆಬರೆಗಳನ್ನು ಮೇಲಿನ ಅಂತಸ್ತಿನಿಂದ ಅತ್ತೆಯ ಕೋಣೆಗೆ ಇಳಿಸಿಕೊಂಡಳು. ತುಲ್ಲಿಯೊ ಹಿಂದೆಯೇ ಮೆಟ್ಟಿಲಿಳಿದು ಬಂದು ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು ನಿಂತ.

“ಸಿಲ್ಕೆ, ಬಾಗಿಲು ತೆಗಿ. ಕಾಲಿಗೆ ಬೀಳ್ತೀನಿ. ಎಲ್ಲ ಸರಿಹೋದ ಮೇಲೆ, ಅಣ್ಣನ್ನ ಒಪ್ಪಿಸಿ, ನಾನೇ ನಿಧಾನಕ್ಕೆ ಎಲ್ಲರಿಗೂ...”

“ಅಳಬೇಡ ತುಲ್ಲಿಯೊ. ಅಡುಗೆ ಮಾಡ್ತೀನಿ, ನಿನಗೆ ಜ್ವರ ಬಂದ್ರೆ ನೋಡ್ಕೋತೀನಿ, ಅದಕ್ಕೇನೂ ಕಡಿಮೆ ಮಾಡಲ್ಲ. ಈಗ ಹೋಗೋಣ ಅಂದ್ರೂ ದಾರಿಯಿಲ್ಲ.” ಒಳಗಿನಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. “ನನ್ನೂರಿಗೆ ಹೋಗೋ ಗಡಿ ಯಾವತ್ತು ತೆರೀತಾರೆ ಅಂತ ಮಾತ್ರ ವಿಚಾರಿಸಿ ಹೇಳು. ಆದ್ರೆ ಬೇರೆ ಯಾರ ಕೈಲಾದ್ರೂ ಹೇಳ್ಸು... ನೀನು ಹೇಳಿದ್ರೆ ನಾನು ನಂಬಲ್ಲ.”