ಮೂರು ಹೆಜ್ಜೆಗೊಮ್ಮೆ

"ಚಿಕ್ಕಮ್ಮಾ, ನಿನ್ನ ಮೆಷಿನ್ ಕೆಟ್ಟೋಗಿದೆ."

ಬುಗುರಿ ಆ ನೆಲದ ಮೇಲೆ ನಾಲ್ಕನೆಯ ಸಲ ಓಡಿದ್ದಳು. ನಾಲ್ಕನೆಯ ಸಲವೂ ಲೈಟೆಲ್ಲ ಆರಿಹೋಗಿತ್ತು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಮನೆಯವರು ಬುಗುರಿ ಅನ್ನದೆ ಇನ್ನೇನು ಹೆಸರು ಇಟ್ಟಾರು?

ಚಿಕ್ಕಮ್ಮ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಮುಂದಿನ ವಾರದ ಪ್ರದರ್ಶನಕ್ಕೆ ಚಿಕ್ಕಮ್ಮ ಮಾಡಿದ ಕಲಾಕೃತಿಯೇ ಈ ನೆಲ. ಅದರಲ್ಲಿ ಯಾರದೋ ನಡಿಗೆ ರೆಕಾರ್ಡ್ ಆಗಿತ್ತು. ಅವರು ಹೆಜ್ಜೆ ಇಟ್ಟಲ್ಲೆಲ್ಲ ಬೆಳಕು ಬರುತ್ತದೆ, ಅದರ ಮೇಲೆ ಅವರ ಹಾಗೇ ನಡೆದರೆ ಎದುರಿನ ಪರದೆಯಲ್ಲಿ ಮರ ಚಿಗುರುತ್ತದೆ. ತಪ್ಪಿದರೆ ಎಲ್ಲ ಕತ್ತಲು.

"ಕೆಟ್ಟಿಲ್ಲ. ನಿಂಗೆ ಅವಸರ. ಬೆಳಕು ಬಂದ್ಮೇಲೆ ಕಾಲಿಡು."

ಬುಗುರಿಗೆ ಬೆಳಗ್ಗೆಯಿಂದಲೇ ಮನಸ್ಸು ಸರಿಯಿರಲಿಲ್ಲ. ನಾಳೆ ಸ್ಕೂಲಿನಲ್ಲಿ ಅವಳ ನಾಟಕ. ಅಜ್ಜಿ ಆಗಲೇ ಕನ್ನಡಕ ಒರೆಸಿ ಇಟ್ಟುಕೊಂಡಿದ್ದರು. "ನೀನು ಬರ್ಬೇಡ ಅಜ್ಜಿ. ನಿನ್ ಜೊತೆ ನಡ್ಕೊಂಡು ಹೋದ್ರೆ ನಾಟಕನೇ ಮುಗ್ದೋಗಿರುತ್ತೆ" ಎಂದುಬಿಟ್ಟಿದ್ದಳು ಬುಗುರಿ. ಅಜ್ಜಿ "ಆಯ್ತಮ್ಮ" ಎಂದು ಕನ್ನಡಕವನ್ನು ಡಬ್ಬಿಯೊಳಗೆ ಇಟ್ಟಿದ್ದರು. ಆ "ಆಯ್ತಮ್ಮ" ಇನ್ನೂ ಕಿವಿಯಲ್ಲೇ ಇತ್ತು.

ಐದನೆಯ ಸಲ ಅವಳು ಹಲ್ಲು ಕಚ್ಚಿ ಕಾದಳು. ಬಲಗಾಲಿನ ಬೆಳಕು ತುಂಬ ಹೊತ್ತು ಇರುತ್ತಿತ್ತು. ಎಡಗಾಲಿನದು ಬಂದಷ್ಟೇ ಬೇಗ ಆರುತ್ತಿತ್ತು. ಹಾಗಾಗಿ ಭಾರವೆಲ್ಲ ಬಲಗಾಲಿಗೇ. ಮೂರು ಹೆಜ್ಜೆ ಆದಮೇಲೆ ಬೆಳಕು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಅವಳೂ ನಿಂತಳು, ಪಕ್ಕದ ಗೋಡೆಗೆ ಕೈ ಕೊಟ್ಟಳು. ಮತ್ತೆ ಮೂರು ಹೆಜ್ಜೆ, ಮತ್ತೆ ನಿಲ್ಲುವುದು. ಪರದೆಯಲ್ಲಿ ಎಲೆಗಳು ಮೂಡತೊಡಗಿದವು. ಬುಗುರಿಯ ಬಲ ಸೊಂಟ ಹಿಡಿದುಕೊಂಡಿತು.

"ಇವ್ರಿಗೆ ಎಡಗಾಲು ನೋವಾ?"

"ಹೂಂ. ಮಂಡಿ."

"ಮೂರು ಹೆಜ್ಜೆಗೊಂದ್ಸಲ ಯಾಕೆ ನಿಲ್ತಾರೆ?"

"ನೋವು ಇಳೀಲಿ ಅಂತ. ಕೇಳಿದ್ರೆ ಮಾತ್ರ, ಗಿಡ ನೋಡ್ತಿದ್ದೆ ಅಂತಾರೆ."

ಬುಗುರಿ ಗೋಡೆ ಹಿಡಿದೇ ನಿಂತಳು. ಬೀದಿಯ ಒಂದೊಂದು ಗಿಡದ ಮುಂದೆಯೂ ನಿಲ್ಲುವವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ. ಅವರಿಗೆ ಗಿಡ ಎಂದರೆ ಪ್ರಾಣ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಸಂಜೆ ಅಜ್ಜಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಬುಗುರಿ ಚಪ್ಪಲಿ ಬಿಟ್ಟು ಹತ್ತಿರ ಹೋದಳು.

"ಅಜ್ಜಿ, ನಾಟಕ ಹತ್ತು ಗಂಟೆಗೆ. ನಾವಿಬ್ರೂ ಒಂಬತ್ತಕ್ಕೇ ಹೊರಡೋಣ."

"ಇಲ್ಲೇ ಇರೋ ಸ್ಕೂಲಿಗೆ ಅಷ್ಟು ಬೇಗ ಯಾಕೆ?"

"ದಾರೀಲಿ ಗಿಡ ನೋಡ್ಬೇಕಲ್ಲ."

ಅಜ್ಜಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕನ್ನಡಕದ ಡಬ್ಬಿ ತರಲು ಹೇಳಿದರು.