ದಾರ ಇಟ್ಟ ಪುಟ

"ಮಾಡಿದವರ ಹೆಸರು ಹೇಳಿ, ಸಾಕು. ಮುಂದಿನದ್ದು ನಾನು ನೋಡ್ಕೋತೀನಿ," ಎಂದರು ವಿಮರ್ಶಕರು. ಅತ್ತಿಗೆ ಕೊಟ್ಟ ಚಹಾ ಅವರ ಮುಂದೆ ಆರಿ ತಣ್ಣಗಾಗಿತ್ತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಣ್ಣ ತೀರಿಕೊಂಡ ಮೇಲೆ ಅವರು ಕೆಳಗಿನ ಮನೆಯಲ್ಲಿ, ನಾನು ಮಹಡಿಯಲ್ಲಿ. ಬೀದಿಯವರೆಲ್ಲ ಅವರನ್ನು ಅತ್ತಿಗೆ ಎಂದೇ ಕರೆಯುತ್ತಾರೆ, ಬಗೆಹರಿಯದ ರಗಳೆಗಳನ್ನೆಲ್ಲ ತಂದು ಅವರ ಮೇಜಿನ ಮೇಲೆ ಸುರಿಯುತ್ತಾರೆ. ಪಕ್ಕದಲ್ಲಿ ಕೂತು ಕೇಳುವುದು ನನ್ನ ಕೆಲಸ.

ವಿಮರ್ಶಕರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಪ್ರತಿ ಭಾನುವಾರ ಪತ್ರಿಕೆಯಲ್ಲಿ ಅವರ ಅಂಕಣ ಬರುತ್ತಿತ್ತು. ಅವರು ಓದಲೇಬೇಕು ಎಂದರೆ ಅಂಗಡಿಯ ಮುಂದೆ ಸಾಲು, ಬೇಡ ಎಂದರೆ ಪುಸ್ತಕ ರದ್ದಿಗೆ. ಅವರನ್ನು ನಂಬಿ ನಾನು ಕೊಂಡ ತತ್ತ್ವಶಾಸ್ತ್ರದ ಗ್ರಂಥವೊಂದು ಇವತ್ತಿಗೂ ನಮ್ಮ ಮಹಡಿಯ ಕಿಟಕಿ ಗಾಳಿಗೆ ಬಡಿಯದಂತೆ ತಡೆಯುತ್ತಿದೆ. ಹಾಗಾಗಿ ಅವರ ಗೋಳು ಕೇಳುತ್ತಿದ್ದಾಗ ನನ್ನ ಹೊಟ್ಟೆ ತಣ್ಣಗಾಯಿತೆಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ನಡೆದದ್ದು ಇಷ್ಟು. ವರ್ಷಕ್ಕೊಮ್ಮೆ ತುಂಬಿದ ಸಭೆಯಲ್ಲಿ ಅವರು ಮೂರು ಪುಸ್ತಕಗಳನ್ನು ಶಿಫಾರಸು ಮಾಡುತ್ತಿದ್ದರು: ಒಂದು ಕತೆ, ಒಂದು ತತ್ತ್ವ, ಒಂದು ಭಕ್ತಿ. ಪ್ರತಿ ಪುಸ್ತಕದೊಳಗೂ ಒಂದು ಕೆಂಪು ದಾರ ಇರುತ್ತಿತ್ತು. ಅದಿರುವ ಪುಟ ತೆರೆದು ಗಂಭೀರ ದನಿಯಲ್ಲಿ ಓದುತ್ತಿದ್ದರು. ಈ ಸಲ ಭಕ್ತಿಯ ಪುಸ್ತಕದಲ್ಲಿ ದಾರವಿದ್ದ ಪುಟ ಓದಿದರು. ಹಿತ್ತಲಿನ ಬಿರುಕುಬಿಟ್ಟ ಮೆಟ್ಟಿಲು ತೊಳೆಯುತ್ತಾ, ಬಿರುಕಿನಲ್ಲಿ ಹುಟ್ಟಿದ ಹುಲ್ಲನ್ನು ಮಾತ್ರ ಕೀಳದೆ ಬಿಟ್ಟು, ದೇವರ ಜೊತೆ ಜಗಳವಾಡುವ ಹೆಂಗಸಿನ ಮಾತು ಅದು. ಸಭೆಯಲ್ಲಿ ಕಣ್ಣೊರೆಸಿಕೊಂಡವರು ಬಹಳ. "ಇಂಥ ಬರಹ ತಲೆಮಾರಿಗೊಂದು ಬರುತ್ತದೆ. ಈ ಪುಸ್ತಕವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ" ಎಂದರು ವಿಮರ್ಶಕರು.

ಆಗ ಮುಂದಿನ ಸಾಲಿನಿಂದ ಆ ಪುಸ್ತಕದ ಪ್ರಕಾಶಕರೇ ಎದ್ದು ನಿಂತರು. ಈ ಪುಟ ತಾವು ಅಚ್ಚು ಹಾಕಿದ ಪುಸ್ತಕದ್ದಲ್ಲ, ಇಪ್ಪತ್ತು ವರ್ಷದ ಹಿಂದೆ ತಾವೇ ತಂದಿದ್ದ ಒಂದು ಕಾದಂಬರಿಯದ್ದು ಎಂದರು. ವಿಮರ್ಶಕರು ಆ ಕಾದಂಬರಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದರು: 'ಇದನ್ನು ಪೂರ್ತಿ ಓದುವುದೊಂದು ಶಿಕ್ಷೆ, ನಾನು ಅನುಭವಿಸಿದ್ದೇನೆ.' ಪೂರ್ತಿ ಓದಿದವರಿಗೆ ಪುಟದ ಗುರುತು ಸಿಗಲಿಲ್ಲವೇ ಎಂದು ಪ್ರಕಾಶಕರು ಕೇಳಿದರು. ಸಭೆಗೆ ಸಭೆಯೇ ನಕ್ಕಿತು.

"ಅವನೇ ಮಾಡಿಸಿದ್ದು," ಎಂದರು ವಿಮರ್ಶಕರು ಹಲ್ಲು ಕಡಿಯುತ್ತಾ. "ಆ ಹಳೇ ಹಾಳೆ ಒಳಗೆ ಸೇರಿಸಿ ಹೊಲಿದವಳು ಅವನ ಬೈಂಡರಮ್ಮ. ಅವಳ ಪುಸ್ತಕದ ಹಾಳೆ ಉದುರುತ್ತೆ ಅಂತ ಒಂದ್ಸಲ ಬರೆದಿದ್ದೆ, ಅದರ ಸೇಡು. ಸಾಕ್ಷಿ ಕೊಡಿ. ಬರೋ ಭಾನುವಾರದ ಅಂಕಣದಲ್ಲಿ ಇಬ್ಬರನ್ನೂ ಬೀದಿಗೆ ತರ್ತೀನಿ."

ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಅತ್ತಿಗೆ ಅವರ ಕೋಟಿನ ಮೊಣಕೈ ನೋಡುತ್ತಿದ್ದರು. ಹರಿದ ಜಾಗವನ್ನು ಯಾರೋ ಕಂದು ದಾರದಿಂದ, ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಬಂದು ಬಿಗಿದ ಒತ್ತು ಹೊಲಿಗೆಯಿಂದ ಅಂದವಾಗಿ ಸರಿಮಾಡಿದ್ದರು.

ಮೊದಲು ಪ್ರಕಾಶಕರ ಮುದ್ರಣಾಲಯಕ್ಕೆ ಹೋದೆವು. ಪ್ರಕಾಶಕರಿಗೆ ತಮ್ಮ ಖುಷಿ ಮುಚ್ಚಿಡುವ ಇರಾದೆಯೇ ಇರಲಿಲ್ಲ. ಆ ಕಾದಂಬರಿ ಅಂಚೆಯಲ್ಲಿ ಬಂದಿತ್ತಂತೆ, ಬರೆದವರದು ಗುಪ್ತನಾಮ, ವಿಳಾಸ ಬರೀ ಒಂದು ಅಂಚೆಪೆಟ್ಟಿಗೆ ಸಂಖ್ಯೆ. ಮುಖ ತೋರಿಸದ ಲೇಖಕ, ಮಾರಾಟವಾಗದ ಪುಸ್ತಕ. ಸಿಟ್ಟಿನಲ್ಲಿ ಇದ್ದಬದ್ದ ಪ್ರತಿಗಳನ್ನೆಲ್ಲ ರದ್ದಿಗೆ ಹಾಕಿದ್ದರು. ಕರಡು ತಿದ್ದಿದ್ದು ತಾವೇ ಆದ್ದರಿಂದ ಆ ಪುಟ ಬಾಯಿಪಾಠವಾಗಿತ್ತು. ಲೇಖಕರಿಗೆ ಕಳಿಸಿದ್ದು, ವಿಮರ್ಶಕರಿಗೆ ಕಳಿಸಿದ್ದು ಬಿಟ್ಟರೆ ಬೇರೆ ಪ್ರತಿ ಉಳಿದಿರಲಾರದು ಎಂದರು.

ಬೈಂಡರಮ್ಮ ಹೊಲಿಗೆ ಯಂತ್ರದ ಮುಂದಿನಿಂದ ಏಳಲೂ ಇಲ್ಲ. "ಒಳ್ಳೇದಾಯ್ತು ಅಂತ ನಾನೂ ಅಂದೆ, ಇಲ್ಲ ಅನ್ನಲ್ಲ. ಅಂದಿದ್ದಕ್ಕೇ ಕಳ್ಳಿ ಆಗ್ಬಿಟ್ನಾ? ಈ ಕೆಲಸ ಹೋದ್ರೆ ನನಗೆ ಬೇರೆ ಗತಿಯಿಲ್ಲ, ಅತ್ತಿಗೆ." ಅವರ ಯಂತ್ರದಲ್ಲಿದ್ದದ್ದು ಮೇಣ ಸವರಿದ ಬಿಳಿ ದಪ್ಪ ನೂಲು. ಆ ಮುದ್ರಣಾಲಯದ್ದೊಂದು ಹಳೇ ಪದ್ಧತಿಯೂ ಇತ್ತು: ಮಡಿಸಿದ ಹಾಳೆಗಳ ಮೇಲಂಚನ್ನು ಅವರು ಕತ್ತರಿಸುವುದಿಲ್ಲ. ಓದುಗರೇ ಚಾಕುವಿನಿಂದ ಬಿಡಿಸಿಕೊಳ್ಳುತ್ತಾ ಓದಬೇಕು.

ಅಲ್ಲಿಂದ ವಿಮರ್ಶಕರ ಮನೆಗೆ. ಮದುವೆಯಾಗದ ಅವರ ಸಂಸಾರ ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ, ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳಿದವರು. ವಿಮರ್ಶಕರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಮದುಮಗಳನ್ನು ತೋರಿಸುವಂತೆ ಒಂದೊಂದೇ ಪುಸ್ತಕ ತೆಗೆದು ತೋರಿಸಿದರು. ಕತೆಯ ಪುಸ್ತಕ, ತತ್ತ್ವದ ಪುಸ್ತಕ, ಹಿಂದಿನ ವರ್ಷಗಳವು, ಎಲ್ಲದರ ಹಾಳೆಗಳೂ ಕೊನೆಯವರೆಗೆ ಬಿಡಿಸಿದ್ದವು. ಅಂಚುಗಳಲ್ಲಿ ಎಣ್ಣೆಯ ಬೆರಳಗುರುತು. ಭಕ್ತಿಯ ಪುಸ್ತಕ ಮಾತ್ರ ಬೇರೆ. ದಾರವಿದ್ದ ಜಾಗದಲ್ಲಷ್ಟೇ ಹಾಳೆ ತೆರೆದಿತ್ತು, ಉಳಿದದ್ದೆಲ್ಲ ಅಂಟಿಕೊಂಡ ಹಾಗೇ ಇತ್ತು. ನಡುವೆ ಸೇರಿಸಿದ್ದ ಹಾಳೆಗಳ ಹೊಲಿಗೆ ಕಂದು ಬಣ್ಣದ್ದು.

ಅಕ್ಕ ಚಹಾ ತಂದರು. ನಾನು ಮಾತಿಗೆ ಮಾತು ಬಂದು ಕಿಟಕಿ ತಡೆಯುವ ನನ್ನ ಗ್ರಂಥದ ಕತೆ ಹೇಳಿ, ಅದು ಕಬ್ಬಿಣದ ಕಡಲೆ ಎಂದೆ. "ಎರಡನೇ ಅಧ್ಯಾಯ ದಾಟಿಬಿಡಿ, ಆಮೇಲೆ ಸಲೀಸು," ಎಂದರು ಅಕ್ಕ, ಲೋಟ ಕೆಳಗಿಡುತ್ತಾ. ಎರಡನೇ ಅಧ್ಯಾಯದಲ್ಲಿ ಏನಿದೆ ಎಂದು ಅತ್ತಿಗೆ ವಿಮರ್ಶಕರನ್ನು ಕೇಳಿದರು. ಅವರು ಅಸ್ತಿತ್ವ, ಅನುಭವ ಎಂದೆಲ್ಲ ಬಹಳ ಹೊತ್ತು ಮಾತಾಡಿದರು. ನನಗೆ ಏನೂ ತಿಳಿಯಲಿಲ್ಲ.

ಅತ್ತಿಗೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು, ನಾನೂ ಹಿಂದೆ ಹೋದೆ. ಮೆಟ್ಟಿಲು ತೊಳೆದು ಚೊಕ್ಕಟವಾಗಿತ್ತು. ಮಧ್ಯದಲ್ಲೊಂದು ಬಿರುಕು, ಬಿರುಕಿನಲ್ಲಿ ಕೀಳದೆ ಬಿಟ್ಟ ಒಂದು ಹಿಡಿ ಹುಲ್ಲು.

ಶನಿವಾರ ಬೆಳಿಗ್ಗೆ, ಅಂಕಣ ಪತ್ರಿಕೆಗೆ ಹೋಗುವ ಮುಂಚೆ, ಅತ್ತಿಗೆ ಎಲ್ಲರನ್ನೂ ವಿಮರ್ಶಕರ ನಡುಮನೆಯಲ್ಲಿ ಕೂರಿಸಿದರು. ಪ್ರಕಾಶಕರು ಮತ್ತು ಬೈಂಡರಮ್ಮ ಒಂದು ಕಡೆ, ವಿಮರ್ಶಕರು ಎದುರಿಗೆ. ಅಕ್ಕ ಬಾಗಿಲ ಬಳಿಯ ಕುರ್ಚಿಯಲ್ಲಿದ್ದರು.

"ಇದು ಬೈಂಡರಮ್ಮನ ಕೈಯಲ್ಲ," ಎಂದು ಅತ್ತಿಗೆ ಶುರುಮಾಡಿದರು. "ಅವರದು ಬಿಳಿ ನೂಲು, ಯಂತ್ರದ ಹೊಲಿಗೆ. ಇದು ಕಂದು ದಾರದ ಕೈಹೊಲಿಗೆ. ಇಂಥದ್ದೇ ದಾರ, ಇಂಥದ್ದೇ ಹೊಲಿಗೆ ನಿಮ್ಮ ಕೋಟಿನ ಮೊಣಕೈ ಮೇಲಿದೆ, ನೋಡ್ಕೊಳ್ಳಿ."

ವಿಮರ್ಶಕರು ಮೊಣಕೈ ತಿರುಗಿಸಿ ನೋಡಿಕೊಂಡರು. ಅತ್ತಿಗೆ ನಿಲ್ಲಿಸಲಿಲ್ಲ. ಪುಸ್ತಕಗಳ ಮೇಲಿದ್ದ ಎಣ್ಣೆಯ ಗುರುತು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುವವರದ್ದಲ್ಲ, ಒಲೆಯ ಮುಂದೆ ನಿಂತು ಓದುವವರದ್ದು ಎಂದರು. ಈ ಮನೆಯಲ್ಲಿ ಪುಸ್ತಕ ಓದುತ್ತಿದ್ದವರು ಒಬ್ಬರು, ಶಿಫಾರಸು ಮಾಡುತ್ತಿದ್ದವರು ಇನ್ನೊಬ್ಬರು. ಓದಿ ಸಾರಾಂಶ ಹೇಳಿ, ಸಭೆಯಲ್ಲಿ ಯಾವ ಪುಟ ಓದಬೇಕೋ ಅಲ್ಲಿ ದಾರ ಇಡುವುದು ಅಕ್ಕನ ಕೆಲಸ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ ಅದನ್ನು ಊರಿಗೆ ಸಾರುವುದು ತಮ್ಮನ ಕೆಲಸ.

"ದಾರ ಇಟ್ಟ ಕಡೆ ಬಿಟ್ಟು ಬೇರೆ ಪುಟ ಇವರು ತೆರೆಯಲ್ಲ ಅನ್ನೋದು ಹೊರಗಿನವರಿಗೆ ಗೊತ್ತಿರೋಕೆ ಸಾಧ್ಯವಿಲ್ಲ. ಭಕ್ತಿಯ ಪುಸ್ತಕದ ಹಾಳೆ ಬಿಡಿಸಿರಲಿಲ್ಲ. ಓದಬೇಕಾದವರು ಈ ಸಲ ಓದೋ ಗೋಜಿಗೇ ಹೋಗಿಲ್ಲ, ಯಾಕಂದ್ರೆ ಅವರಿಗೆ ಬೇಕಾಗಿದ್ದು ಆ ಪುಸ್ತಕದ ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಮಾತ್ರ. ಆ ಹಳೇ ಕಾದಂಬರಿ, ಈ ಪುಸ್ತಕ ಎರಡೂ ಒಂದೇ ಮುದ್ರಣಾಲಯದ್ದು, ಅಳತೆ ಅಕ್ಷರ ಎರಡೂ ಹೊಂದಿಕೊಂಡವು." ಅತ್ತಿಗೆ ಅಕ್ಕನ ಕಡೆ ತಿರುಗಿದರು. "ಉಳಿದದ್ದನ್ನ ನೀವು ಹೇಳ್ತೀರಾ?"

"ನೀವೇ ಹೇಳಿ," ಎಂದರು ಅಕ್ಕ. "ಚೆನ್ನಾಗಿ ಹೇಳ್ತಿದೀರಿ."

"ಆ ಕಾದಂಬರಿ ಬರೆದದ್ದೂ ನೀವೇ. ಹಿತ್ತಲಿನ ಮೆಟ್ಟಿಲಲ್ಲಿ ಹುಲ್ಲು ಇನ್ನೂ ಇದೆ."

ಪ್ರಕಾಶಕರು ಎದ್ದು ನಿಂತುಬಿಟ್ಟರು. ವಿಮರ್ಶಕರು ಅಕ್ಕನ ಕಡೆ ತಿರುಗಿದರು. "ನಿಂದು ಅಂತ ಒಂದು ಮಾತು ಹೇಳಬಾರದಿತ್ತಾ, ಅಕ್ಕ?" ಎಂದರು.

"ಯಾಕೆ ಹೇಳಬೇಕಿತ್ತು? ನನ್ನದು ಅಂತ ನೀನು ಹೊಗಳೋದು ಬೇಕಿರಲಿಲ್ಲ, ಓದೋದು ಬೇಕಿತ್ತು. ಅವತ್ತು ಟೇಬಲ್ ಮೇಲಿಟ್ಟು ಇದೊಂದನ್ನ ನೀನೇ ಓದು ಅಂದೆ. ಅದರಲ್ಲಿ ದಾರ ಇಟ್ಟಿರಲಿಲ್ಲ. ನೀನು ಸಾರಾಂಶ ಹೇಳೋರಿಲ್ಲ ಅಂತ ಸಿಟ್ಟಿಗೆದ್ದು, ಒಂದು ಹಾಳೆನೂ ಬಿಡಿಸದೆ ಶಿಕ್ಷೆ ಅನುಭವಿಸಿದೆ ಅಂತ ಬರೆದೆ. ನಿನಗೆ ಅಕ್ಷರ ತಿದ್ದಿಸಿದ್ದು ನಾನು ಕಣೋ. ಆ ವಾಕ್ಯ ಓದಿದ ದಿನವೇ ಒಂದು ದಿನ ನಿನ್ನ ಬಾಯಲ್ಲೇ ನನ್ನ ಪುಟ ಓದಿಸ್ತೀನಿ ಅಂದ್ಕೊಂಡೆ. ಈ ಸಲ ಪ್ರಕಾಶಕರು ಅದೇ ಅಳತೆಯಲ್ಲಿ ಪುಸ್ತಕ ತಂದರು. ಅವತ್ತು ನಿನಗೆ ಬಂದ ಪ್ರತಿಯ ನಡುವಿನ ಹಾಳೆ ಕಿತ್ತು ನಾನು ಅದರೊಳಗೆ ಹೊಲಿದೆ. ನೀನು ಓದಿದೆ, ಹೊಗಳಿದೆ, ಜನ ನಕ್ಕರು. ನನಗೆ ತೃಪ್ತಿ ಆಯ್ತು."

ಅತ್ತಿಗೆ ಬೈಂಡರಮ್ಮನ ಕಡೆ ಕೈ ತೋರಿಸಿ, "ನಿಮ್ಮ ಸೇಡಿಗೆ ಇವರ ಅನ್ನ ಹೋಗ್ತಿತ್ತು," ಎಂದರು. ಅವರ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿದ್ದೇ ಅಪರೂಪ. ಅಕ್ಕ ತಲೆ ತಗ್ಗಿಸಿದರು. ಬೈಂಡರಮ್ಮನ ಮುಂದೆ ಹೋಗಿ ಕೈ ಮುಗಿದು, ಅದೊಂದು ಮಾತ್ರ ನನ್ನ ತಪ್ಪು, ಅದು ನಿಮ್ಮ ತಲೆಗೆ ಬರುತ್ತದೆಂದು ಯೋಚಿಸಲಿಲ್ಲ ಎಂದರು. ಬೈಂಡರಮ್ಮ ಆ ಕಂದು ಹೊಲಿಗೆಯ ಮೇಲೆ ಬೆರಳಾಡಿಸಿ, ಬಿಗಿಯಾಗಿದೆ, ನನ್ನದಕ್ಕಿಂತ ಗಟ್ಟಿ ಎಂದಷ್ಟೇ ಹೇಳಿದರು.

ಪ್ರಕಾಶಕರು ಕಾದಂಬರಿಯನ್ನು ಮತ್ತೆ ಅಚ್ಚು ಹಾಕಲು ಅಲ್ಲೇ ಅನುಮತಿ ಕೇಳಿದರು. ಅಕ್ಕ ಒಂದೇ ಷರತ್ತು ಹಾಕಿದರು. ಹಿಂಬದಿಯ ರಕ್ಷಾಪುಟದಲ್ಲಿ ತಮ್ಮನ ಎರಡು ಮಾತೂ ಇರಬೇಕು: ಮೇಲೆ ಅಂದಿನ ಶಿಕ್ಷೆಯ ವಾಕ್ಯ, ಕೆಳಗೆ ಮೊನ್ನೆ ಸಭೆಯಲ್ಲಿ ಆಡಿದ್ದು, ಎರಡರ ಕೆಳಗೂ ಅವರ ಹೆಸರು. ವಿಮರ್ಶಕರು ಏನೋ ಹೇಳಹೋದರು. ಅವರ ಅಂಕಣದ ಹಾಳೆ ಕೈಯಲ್ಲೇ ಇತ್ತು.

"ಇನ್ನು ಮುಂದೆ ನನಗೆ ಯಾರು..." ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು.

"ಮನೆ ನನ್ನದೂ ಹೌದು, ನಾನೆಲ್ಲೂ ಹೋಗಲ್ಲ. ಅಡುಗೆ ಮಾಡಿ ಹಾಕ್ತೀನಿ. ಓದಿ ಹೇಳಲ್ಲ."

ಅಕ್ಕ ಒಳಗೆ ಹೋಗಿ ಒಂದು ಹಳೆಯ ಪುಸ್ತಕವನ್ನೂ ತರಕಾರಿ ಹೆಚ್ಚುವ ಚಾಕುವನ್ನೂ ತಂದು ತಮ್ಮನ ಮುಂದಿಟ್ಟರು. ಇಪ್ಪತ್ತು ವರ್ಷದ ಹಿಂದೆ ವಿಮರ್ಶೆಗೆಂದು ಅವರ ಮೇಜಿಗೆ ಬಂದಿದ್ದ ಆ ಕಾದಂಬರಿಯ ಪ್ರತಿ ಅದು. ನಡುವಿನ ಹಾಳೆಗಳನ್ನು ಕಿತ್ತ ಜಾಗ ಬಾಯಿ ಬಿಟ್ಟಿತ್ತು, ಉಳಿದ ಹಾಳೆಗಳ ಮಡಿಕೆ ಒಂದೂ ಬಿಚ್ಚಿರಲಿಲ್ಲ.

"ಮಧ್ಯದ್ದು ಎಲ್ಲರ ಮುಂದೆ ಓದಿ ಆಯ್ತಲ್ಲ," ಎಂದರು ಅಕ್ಕ. "ಈಗ ಹಿಂದೆ ಮುಂದೆ ಓದು."

ನಾವು ಚಪ್ಪಲಿ ಹಾಕಿಕೊಳ್ಳುವಾಗ ನಾನೊಮ್ಮೆ ತಿರುಗಿ ನೋಡಿದೆ. ವಿಮರ್ಶಕರು ಚಾಕು ಮುಟ್ಟಿರಲಿಲ್ಲ. ಪುಸ್ತಕವನ್ನು ಬೋರಲು ಹಿಡಿದು ಮೆಲ್ಲಗೆ ಕೊಡವುತ್ತಿದ್ದರು. ದಾರ ಹುಡುಕುತ್ತಿದ್ದರು.